ಮನೆಯಲ್ಲೇ ಮಾಡೆಲ್ ರಾಕೆಟ್ ಜೋಡಿಸುವುದು ಹೇಗೆ: ಕಿಟ್ ಬಿಚ್ಚಿದಾಗಿನಿಂದ ಮೊದಲ ಹಾರಾಟದವರೆಗೆ

ಬಟನ್ ಒತ್ತಿದ ಮೇಲೆ ಮಾಡೆಲ್ ರಾಕೆಟ್ ತನ್ನನ್ನು ನೆಟ್ಟಗೆ ಹಿಡಿದ ಲಾಂಚ್ ಕಂಬಿಯನ್ನು ಬಿಟ್ಟು ಮೇಲೆ ಹೋಗಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ನೀವು ಏನನ್ನೂ ಸರಿಪಡಿಸಲು ಆಗುವುದಿಲ್ಲ. ರೆಕ್ಕೆ ಸೊಟ್ಟಗಿದ್ದರೆ ಸೊಟ್ಟಗೇ ಹೋಗುತ್ತದೆ. ಅಂಟು ಹಸಿ ಇದ್ದರೆ ರೆಕ್ಕೆಯೇ ಕಿತ್ತು ಬರುತ್ತದೆ. ಅಂದರೆ ರಾಕೆಟ್ ಹಾರುತ್ತದೋ ಇಲ್ಲವೋ ಅನ್ನುವುದು ಮೈದಾನದಲ್ಲಿ ಅಲ್ಲ, ಎರಡು ಮೂರು ದಿನ ಮೊದಲು ನಿಮ್ಮ ಮೇಜಿನ ಮೇಲೆ ತೀರ್ಮಾನ ಆಗಿರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಹಾರಿಸುವುದಕ್ಕಿಂತ ಜೋಡಿಸುವ ಮಾತೇ ಜಾಸ್ತಿ.

ಇದು ಮೊದಲ ಬಾರಿ ಕಿಟ್ ತೆರೆಯುವವರಿಗಾಗಿ ಬರೆದದ್ದು. ಮಕ್ಕಳ ಜೊತೆ ಕೂತು ಮಾಡುವುದಾದರೆ ಬ್ಲೇಡ್ ಕೆಲಸ ಮತ್ತು ಮೋಟರ್ ಕೆಲಸ ದೊಡ್ಡವರ ಕೈಯಲ್ಲೇ ಇರಲಿ.

ಮೊದಲು ಮೋಟರ್ ವಿಷಯ

ಕಿಟ್ ಕೊಳ್ಳುವ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. ಇಂಥ ಚಿಕ್ಕ ಮಾಡೆಲ್ ರಾಕೆಟ್ ಮೋಟರ್ ಒಳಗೆ ಸಾಮಾನ್ಯವಾಗಿ ಇರುವುದು ಕಪ್ಪು ಮದ್ದು. ಇದನ್ನು ಕೊಳ್ಳುವುದಕ್ಕೆ, ಸಾಗಿಸುವುದಕ್ಕೆ, ಹಾರಿಸುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ ಇದೆ. ಕೆಲವು ಕಡೆ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ಕೆಲವು ಕಡೆ ಅನುಮತಿ ಬೇಕು. ಕಿಟ್ ಜೊತೆ ಸಾಮಾನ್ಯವಾಗಿ ಮೋಟರ್ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಹಾಗಾಗಿ ನೀವಿರುವ ಕಡೆಯ ಕಾನೂನು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಿ.

ಮೋಟರ್ ಸಿಗಲಿಲ್ಲ ಅಂತ ಮನೆಯಲ್ಲಿ ಮಾಡಲು ಹೋಗಲೇಬೇಡಿ. ಈ ಹವ್ಯಾಸ ಹುಟ್ಟಿದ್ದೇ ಆ ಅಪಾಯ ತಪ್ಪಿಸುವುದಕ್ಕೆ. 1957ರಲ್ಲಿ ಸ್ಪುಟ್ನಿಕ್ ಹಾರಿದ ಕಾಲದಲ್ಲಿ ಅಮೆರಿಕದ ಎಷ್ಟೋ ಹುಡುಗರು ಕಬ್ಬಿಣದ ಪೈಪಿಗೆ ತಾವೇ ಮದ್ದು ತುಂಬಿ ರಾಕೆಟ್ ಮಾಡಲು ಹೋಗಿ ಗಾಯ ಮಾಡಿಕೊಂಡರು. ಅದಕ್ಕೂ ಮೊದಲೇ, 1954ರಲ್ಲಿ, ನೆಬ್ರಾಸ್ಕಾದ ನಾರ್ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಒಂದು ಚಂದದ ಉಪಾಯ ಮಾಡಿದ್ದರು. ಹಗುರವಾದ ಕಾಗದದ ಕೊಳವೆ, ಮರದ ರೆಕ್ಕೆ, ಒಳಗೆ ಬದಲಾಯಿಸಬಹುದಾದ ಪುಟ್ಟ ಮೋಟರ್, ಇಳಿಯಲು ಪ್ಯಾರಾಶೂಟ್. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಜಿ. ಹ್ಯಾರಿ ಸ್ಟೈನ್ ಅದನ್ನು ನೋಡಿ ಮೆಚ್ಚಿ, ಕಿಟ್ ಮಾರುವ ಕಂಪನಿಯನ್ನೇ ಶುರು ಮಾಡಿದರು. 1958ರಲ್ಲಿ ವರ್ನ್ ಎಸ್ಟೆಸ್ ಮೋಟರ್‌ಗಳನ್ನು ಒಂದೇ ಅಳತೆಯಲ್ಲಿ ತಯಾರಿಸುವ ಯಂತ್ರ ಕಟ್ಟಿದರು. ಮದ್ದನ್ನು ಕಾರ್ಖಾನೆ ತುಂಬುತ್ತದೆ, ಉಳಿದದ್ದನ್ನು ನೀವು ಕಟ್ಟುತ್ತೀರಿ. ಇವತ್ತಿಗೂ ಇದೇ ಒಪ್ಪಂದ.

ಎಂಥ ಕಿಟ್ ಒಳ್ಳೆಯದು?

ಮೊದಲ ರಾಕೆಟ್‌ಗೆ ಸುಮಾರು 25 ಮಿ.ಮೀ. ದಪ್ಪದ, 30ರಿಂದ 45 ಸೆಂ.ಮೀ. ಉದ್ದದ, ಒಂದೇ ಮೋಟರ್ ಇರುವ ಕಿಟ್ ತೆಗೆದುಕೊಳ್ಳಿ. ಮೂರು ಅಥವಾ ನಾಲ್ಕು ರೆಕ್ಕೆ ಸಾಕು. 18 ಮಿ.ಮೀ. ಮೋಟರ್‌ಗೆ ಹೊಂದುವಂಥದ್ದಾದರೆ ಒಳ್ಳೆಯದು. ಆ ಅಳತೆಯಲ್ಲಿ ಚಿಕ್ಕ ಶಕ್ತಿಯಿಂದ ದೊಡ್ಡ ಶಕ್ತಿಯವರೆಗೆ ಮೋಟರ್ ಸಿಗುತ್ತದೆ.

ರೆಕ್ಕೆಗಳೆಲ್ಲ ಒಂದೇ ಪ್ಲಾಸ್ಟಿಕ್ ತುಂಡಾಗಿ ಬರುವ ಕಿಟ್‌ಗಳೂ ಇವೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನನ್ನ ಸಲಹೆ ಕೇಳಿದರೆ ಬಾಲ್ಸಾ ಮರದ ರೆಕ್ಕೆ ಇರುವುದನ್ನೇ ಆರಿಸಿ. ಎರಡು ಸಂಜೆ ಜಾಸ್ತಿ ಹಿಡಿಯಬಹುದು. ಆದರೆ ರಾಕೆಟ್ ಯಾಕೆ ನೇರ ಹೋಗುತ್ತದೆ ಅನ್ನುವುದು ರೆಕ್ಕೆಯನ್ನು ಕೈಯಲ್ಲಿ ಹಿಡಿದು ಉಜ್ಜಿ ಅಂಟಿಸಿದಾಗಲೇ ಅರ್ಥವಾಗುವುದು.

ಡಬ್ಬಿ ಬಿಚ್ಚಿದ ಮೇಲೆ

ಎಲ್ಲವನ್ನೂ ಒಂದು ತಟ್ಟೆಗೆ ಹಾಕಿ. ಇದರಲ್ಲಿ ಉಂಗುರದಷ್ಟು ಚಿಕ್ಕ ತುಂಡುಗಳಿವೆ, ಮೇಜಿನಿಂದ ಉರುಳಿದರೆ ಹುಡುಕುವುದು ಕಷ್ಟ. ಸೂಚನೆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ. ಅಂಟು ಮುಟ್ಟುವ ಮೊದಲೇ ಓದಿ. ಮೂರನೇ ಹೆಜ್ಜೆಯಲ್ಲಿ ಮಾಡಬೇಕಾದ ಗುರುತನ್ನು ಏಳನೇ ಹೆಜ್ಜೆಯಲ್ಲಿ ಹುಡುಕುವ ಹಾಗೆ ಆಗಬಾರದು, ಅಲ್ವಾ?

ತುಂಡುಗಳ ಪರಿಚಯ ಹೀಗೆ. ಉದ್ದನೆಯ ಕಾಗದದ ಕೊಳವೆ ರಾಕೆಟ್‌ನ ಮೈ, ಅದನ್ನು ಬಾಡಿ ಟ್ಯೂಬ್ ಅನ್ನುತ್ತಾರೆ. ಚೂಪಾದ ತಲೆ ನೋಸ್ ಕೋನ್. ತೆಳ್ಳನೆಯ ಬಾಲ್ಸಾ ಹಾಳೆಯಲ್ಲಿ ರೆಕ್ಕೆಗಳನ್ನು ಕತ್ತರಿಸಿಟ್ಟಿರುತ್ತಾರೆ. ಗಿಡ್ಡ ಕೊಳವೆ, ದಪ್ಪ ಕಾಗದದ ಎರಡು ಉಂಗುರ, ಒಂದು ಲೋಹದ ಕೊಕ್ಕೆ, ಇವು ಮೂರೂ ಸೇರಿದರೆ ಮೋಟರ್ ಕೂರುವ ಮನೆ, ಅಂದರೆ ಮೋಟರ್ ಮೌಂಟ್. ಸ್ಟ್ರಾ ತರಹದ ತುಂಡು ಲಾಂಚ್ ಲಗ್. ಎಲಾಸ್ಟಿಕ್ ದಾರ ಶಾಕ್ ಕಾರ್ಡ್. ಉಳಿದದ್ದು ಪ್ಯಾರಾಶೂಟ್.

ಮನೆಯಿಂದ ಬೇಕಾಗುವುದು ಹರಿತವಾದ ಕಟರ್, ಸ್ಟೀಲ್ ಸ್ಕೇಲ್, ಪೆನ್ಸಿಲ್, ಕತ್ತರಿ, ಮಾಸ್ಕಿಂಗ್ ಟೇಪ್, ಟೂತ್‌ಪಿಕ್, ಹತ್ತಿ ಸುತ್ತಿದ ಕಡ್ಡಿ, 220 ಮತ್ತು 400 ನಂಬರಿನ ಸ್ಯಾಂಡ್ ಪೇಪರ್. ಅಂಟು ಮಾತ್ರ ಸರಿಯಾಗಿ ಆರಿಸಿ. ಮರಕ್ಕೂ ಕಾಗದಕ್ಕೂ ಮರಗೆಲಸದವರು ಬಳಸುವ ಬಿಳಿ ಅಥವಾ ಹಳದಿ ಗೋಂದು ಒಳ್ಳೆಯದು. ಅದು ಕಾಗದದ ನಾರಿನೊಳಗೆ ಇಳಿದು ಗಟ್ಟಿಯಾಗುತ್ತದೆ. ಬಿಸಿ ಮಾಡಿ ಹಾಕುವ ಗ್ಲೂ ಗನ್ ಬೇಡ. ಮೋಟರ್ ಬಿಸಿಗೆ ಅದು ಮತ್ತೆ ಮೆತ್ತಗಾಗುತ್ತದೆ. ತಕ್ಷಣ ಹಿಡಿಯುವ ಅಂಟು ಕೂಡ ಮೊದಲ ರಾಕೆಟ್‌ಗೆ ಬೇಡ, ರೆಕ್ಕೆ ಒಂದು ಕೂದಲಷ್ಟು ಸೊಟ್ಟ ಕೂತರೂ ತಿದ್ದಲು ಸಮಯ ಕೊಡುವುದಿಲ್ಲ.

ಮೋಟರ್ ಮೌಂಟ್: ಇಲ್ಲಿ ಅವಸರ ಬೇಡ, ಆದರೆ ಒಂದು ಕಡೆ ನಿಲ್ಲಲೂಬಾರದು

ಮೋಟರ್ ತಳ್ಳುವ ಬಲವೆಲ್ಲ ಈ ಚಿಕ್ಕ ಜೋಡಣೆಯ ಮೂಲಕವೇ ರಾಕೆಟ್‌ಗೆ ಹೋಗುತ್ತದೆ. ಹಾಗಾಗಿ ಇದು ಸಡಿಲ ಇರಬಾರದು.

ಗಿಡ್ಡ ಕೊಳವೆಯ ಮೇಲೆ ಸೂಚನೆಯಲ್ಲಿ ಹೇಳಿದ ಅಳತೆಗೆ ಪೆನ್ಸಿಲ್ ಗುರುತು ಹಾಕಿ. ಕೊಕ್ಕೆಯ ಒಂದು ತುದಿ ತೂರುವಷ್ಟು ಮಾತ್ರ ಸಣ್ಣ ಸೀಳು ಮಾಡಿ. ಕೊಕ್ಕೆ ಒಳಗೆ ಸೇರಿಸಿ, ಮೇಲೆ ಟೇಪ್ ಅಥವಾ ಕಿಟ್‌ನಲ್ಲಿ ಬಂದ ಬಿಗಿ ಪಟ್ಟಿ ಹಾಕಿ. ಕೊಕ್ಕೆಯ ಇನ್ನೊಂದು ತುದಿ ಕೊಳವೆಯ ಹಿಂದೆ ಚಾಚಿಕೊಂಡಿರಬೇಕು. ಅದನ್ನು ಬೆರಳಿನಿಂದ ಸ್ವಲ್ಪ ಎತ್ತಿದರೆ ಮೋಟರ್ ಒಳಗೆ ಹೋಗಬೇಕು, ಬಿಟ್ಟರೆ ಮೋಟರ್‌ನ ಹಿಂಭಾಗವನ್ನು ಹಿಡಿದುಕೊಳ್ಳಬೇಕು. ಖಾಲಿ ಮೋಟರ್ ಇದ್ದರೆ ಹಾಕಿ ನೋಡಿ. ಇಲ್ಲದಿದ್ದರೆ ಅದೇ ಉದ್ದಕ್ಕೆ, 70 ಮಿ.ಮೀ., ಕಾಗದ ಸುತ್ತಿ ಸುರುಳಿ ಮಾಡಿ ಪರೀಕ್ಷಿಸಿ.

ಈಗ ಎರಡು ಉಂಗುರಗಳನ್ನು ಗುರುತಿಗೆ ಸರಿಯಾಗಿ ಸೇರಿಸಿ. ಕೊಳವೆಗೂ ಉಂಗುರಕ್ಕೂ ಸೇರುವ ಜಾಗದಲ್ಲಿ, ಎರಡೂ ಬದಿಗೆ, ಗೋಂದಿನ ಸಣ್ಣ ಗೆರೆ ಎಳೆಯಿರಿ. ಒಣಗಲು ಬಿಡಿ. ಪೂರ್ತಿ ಒಣಗಲಿ.

ಮುಂದಿನದು ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಕಠಿಣ ಎರಡು ಸೆಕೆಂಡ್. ಮೌಂಟನ್ನು ಬಾಡಿ ಟ್ಯೂಬಿನೊಳಗೆ ಕೂರಿಸುವುದು. ಗೋಂದನ್ನು ಉಂಗುರಕ್ಕೆ ಹಚ್ಚಬೇಡಿ, ಅದು ಒಳಗೆ ಹೋಗುವಾಗ ಉಜ್ಜಿ ಹಿಂದೆಯೇ ಉಳಿದುಬಿಡುತ್ತದೆ. ಬದಲಿಗೆ ಉದ್ದನೆಯ ಕಡ್ಡಿಯಲ್ಲಿ ಗೋಂದು ತೆಗೆದುಕೊಂಡು, ಮುಂದಿನ ಉಂಗುರ ಎಲ್ಲಿ ನಿಲ್ಲಬೇಕೋ ಅಲ್ಲಿ ಟ್ಯೂಬಿನ ಒಳಗೋಡೆಗೆ ಸುತ್ತ ಹಚ್ಚಿ. ಆಮೇಲೆ ಮೌಂಟನ್ನು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ, ಗುರುತಿನವರೆಗೆ ತಳ್ಳಿ.

ನಡುವೆ ನಿಲ್ಲಿಸಬೇಡಿ ಅಂತ ಒತ್ತಿ ಹೇಳಲು ಕಾರಣ ಇದೆ. ನನ್ನ ಎರಡನೇ ರಾಕೆಟ್‌ನಲ್ಲಿ ನಾನು ಅರ್ಧ ತಳ್ಳಿ, ಸೊಟ್ಟ ಹೋಯಿತೇನೋ ಅಂತ ಒಂದು ಕ್ಷಣ ನಿಂತು ನೋಡಿದೆ. ಮತ್ತೆ ತಳ್ಳಿದರೆ ಅಲ್ಲಾಡಲಿಲ್ಲ. ಗೋಂದಿನ ನೀರು ಕುಡಿದು ಕಾಗದದ ಉಂಗುರ ಊದಿಕೊಂಡು ಅಲ್ಲೇ ಬಿರಡೆಯ ಹಾಗೆ ಕಚ್ಚಿಕೊಂಡಿತ್ತು. ಬಲ ಹಾಕಿದೆ, ಟ್ಯೂಬ್ ಬಾಯಿಯ ಹತ್ತಿರ ಮಡಚಿತು. ಹೊಸ ಟ್ಯೂಬ್ ಬರುವವರೆಗೆ ಕೆಲಸ ನಿಂತಿತು. ಅಂದಿನಿಂದ ಗೋಂದಿಲ್ಲದೆ ಮೂರು ನಾಲ್ಕು ಸಲ ತಳ್ಳಿ ತೆಗೆದು ಅಭ್ಯಾಸ ಮಾಡಿಕೊಂಡೇ ಗೋಂದು ಮುಟ್ಟುತ್ತೇನೆ. ಉಂಗುರ ಬಿಗಿ ಅನ್ನಿಸಿದರೆ ಅಂಚನ್ನು 220 ಸ್ಯಾಂಡ್ ಪೇಪರ್‌ನಲ್ಲಿ ಸ್ವಲ್ಪ ಉಜ್ಜಿ. ಬೆರಳಿನ ಒತ್ತಡಕ್ಕೆ ಜಾರಬೇಕು, ಆದರೆ ತಾನಾಗಿ ಬೀಳಬಾರದು.

ಕೂತ ಮೇಲೆ ಹಿಂದಿನ ಉಂಗುರದ ಸುತ್ತ ಇನ್ನೊಂದು ಗೆರೆ ಗೋಂದು ಹಾಕಿ, ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಬಿಡಿ.

ಟ್ಯೂಬಿನ ಮೇಲೆ ಗೆರೆ

ಬಹಳಷ್ಟು ಕಿಟ್‌ಗಳಲ್ಲಿ ಸುತ್ತಿಕೊಳ್ಳಲು ಗುರುತು ಪಟ್ಟಿ ಕೊಟ್ಟಿರುತ್ತಾರೆ. ಇಲ್ಲದಿದ್ದರೂ ಚಿಂತೆ ಇಲ್ಲ. ಒಂದು ಕಾಗದದ ಪಟ್ಟಿಯನ್ನು ಟ್ಯೂಬಿಗೆ ಬಿಗಿಯಾಗಿ ಸುತ್ತಿ, ತುದಿ ಸೇರುವಲ್ಲಿ ಗುರುತು ಮಾಡಿ. ಬಿಚ್ಚಿ, ಅಲ್ಲಿಗೆ ಕತ್ತರಿಸಿ. ನಾಲ್ಕು ರೆಕ್ಕೆಗೆ ಎರಡು ಸಲ ಅರ್ಧ ಮಡಚಿ. ಮೂರು ರೆಕ್ಕೆಗೆ ಅಳೆದು ಮೂರು ಸಮಪಾಲು ಮಾಡಿ. ಮತ್ತೆ ಸುತ್ತಿ, ಗುರುತುಗಳನ್ನು ಟ್ಯೂಬಿಗೆ ಇಳಿಸಿ.

ಗುರುತಿನಿಂದ ಉದ್ದಕ್ಕೆ ನೇರ ಗೆರೆ ಎಳೆಯಬೇಕಲ್ಲ, ಅಲ್ಲಿ ತುಂಬ ಜನ ಎಡವುತ್ತಾರೆ. ಉರುಟಾದ ಮೈ ಮೇಲೆ ಸ್ಕೇಲ್ ನಿಲ್ಲುವುದಿಲ್ಲ. ಬಾಗಿಲ ಚೌಕಟ್ಟಿನ ಒಳಮೂಲೆಗೆ ಅಥವಾ ಸ್ವಲ್ಪ ತೆರೆದ ಮೇಜಿನ ಡ್ರಾಯರ್ ಅಂಚಿಗೆ ಟ್ಯೂಬನ್ನು ಒರಗಿಸಿ. ಆ ಅಂಚು ಟ್ಯೂಬಿನ ಉದ್ದಕ್ಕೂ ತಾನಾಗಿ ನೇರ ಇರುತ್ತದೆ. ಅದರ ಗುಂಟ ಪೆನ್ಸಿಲ್ ಎಳೆಯಿರಿ. ಎರಡು ರೆಕ್ಕೆಗಳ ಸರಿ ನಡುವೆ ಲಾಂಚ್ ಲಗ್‌ಗೆ ಇನ್ನೊಂದು ಗೆರೆ ಹಾಕಿ.

ಟ್ಯೂಬಿನ ಹೊರಮೈ ನುಣುಪಾಗಿರುತ್ತದೆ. ಗೆರೆಯ ಮೇಲೆ ಮಾತ್ರ, ರೆಕ್ಕೆ ಕೂರುವ ಅಗಲಕ್ಕೆ, ಹಗುರವಾಗಿ ಉಜ್ಜಿ ಆ ಹೊಳಪು ತೆಗೆಯಿರಿ. ಇಲ್ಲದಿದ್ದರೆ ಗೋಂದು ಹೊಳಪಿಗೆ ಅಂಟುತ್ತದೆಯೇ ಹೊರತು ಕಾಗದಕ್ಕಲ್ಲ.

ರೆಕ್ಕೆ

ರೆಕ್ಕೆಗಳನ್ನು ಬಾಲ್ಸಾ ಹಾಳೆಯಿಂದ ಕಿತ್ತು ತೆಗೆಯಬೇಡಿ. ಕಟರ್ ತುದಿಯಿಂದ ಅಂಚಿನ ಸೇತುವೆಗಳನ್ನು ಬಿಡಿಸಿ, ಆಮೇಲೆ ಮೆಲ್ಲಗೆ ಒತ್ತಿ. ಬಾಲ್ಸಾ ಎಷ್ಟು ಹಗುರವೋ ಅಷ್ಟೇ ಸುಲಭವಾಗಿ ಸೀಳುತ್ತದೆ.

ಒಂದು ರೆಕ್ಕೆಯನ್ನು ಬೆಳಕಿಗೆ ಹಿಡಿದು ಮರದ ನಾರಿನ ಗೆರೆ ನೋಡಿ. ಅದು ರೆಕ್ಕೆಯ ಮುಂದಿನ ಅಂಚಿನ ಗುಂಟ ಹೋಗಬೇಕು, ಅಂದರೆ ಮೈಯಿಂದ ಹೊರಗಿನ ತುದಿಯ ಕಡೆಗೆ. ಕಿಟ್‌ನಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಒಂದು ರೆಕ್ಕೆ ಮುರಿದು ನೀವೇ ಹೊಸದು ಕತ್ತರಿಸುವಾಗ ಇದು ನೆನಪಿರಲಿ. ನಾರು ಮೈಗೆ ಸಮಾನಾಂತರ ಹೋದರೆ ಮೊದಲ ಪೆಟ್ಟಿಗೇ ರೆಕ್ಕೆ ಬುಡದ ಹತ್ತಿರ ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಎಲ್ಲ ರೆಕ್ಕೆಗಳನ್ನೂ ಇಸ್ಪೀಟ್ ಕಟ್ಟಿನ ಹಾಗೆ ಜೋಡಿಸಿ ಒಟ್ಟಿಗೆ ಹಿಡಿದು ಅಂಚುಗಳನ್ನು ಉಜ್ಜಿ. ಹೀಗೆ ಮಾಡಿದರೆ ಎಲ್ಲದರ ಆಕಾರವೂ ಒಂದೇ ಆಗುತ್ತದೆ. ಆಮೇಲೆ ಬೇರೆ ಬೇರೆ ಮಾಡಿ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಉಜ್ಜಿ. ಗಾಳಿ ಸಲೀಸಾಗಿ ಜಾರುತ್ತದೆ, ರಾಕೆಟ್ ಇನ್ನಷ್ಟು ಮೇಲೆ ಹೋಗುತ್ತದೆ. ಮೈಗೆ ಅಂಟುವ ಬುಡದ ಅಂಚನ್ನು ಮಾತ್ರ ಚಪ್ಪಟೆಯಾಗಿಯೇ ಬಿಡಿ. ಅದು ದುಂಡಗಾದರೆ ಅಂಟು ಹಿಡಿಯುವ ಜಾಗವೇ ಹೋಯಿತು. ಯಾವುದು ಬುಡ ಅನ್ನುವುದನ್ನು ಉಜ್ಜುವ ಮೊದಲೇ ಪೆನ್ಸಿಲ್‌ನಲ್ಲಿ ಬರೆದಿಡಿ.

ಈಗ ಅಂಟಿಸುವುದು. ನಾನು ಬಳಸುವುದು ಎರಡು ಸಲದ ವಿಧಾನ, ಇದನ್ನು ಬಿಟ್ಟು ಬೇರೆ ಯಾವುದನ್ನೂ ಹೊಸಬರಿಗೆ ಹೇಳುವುದಿಲ್ಲ. ರೆಕ್ಕೆಯ ಬುಡಕ್ಕೆ ತೆಳ್ಳಗೆ ಗೋಂದು ಹಚ್ಚಿ. ಟ್ಯೂಬಿನ ಗೆರೆಗೆ ಒತ್ತಿ, ತಕ್ಷಣ ತೆಗೆಯಿರಿ. ಎರಡೂ ಕಡೆ ಗೋಂದಿನ ಪದರ ಉಳಿಯುತ್ತದೆ. ಒಂದೆರಡು ನಿಮಿಷ ಕಾಯಿರಿ. ಬೆರಳು ತಾಗಿಸಿದರೆ ಜಿಗುಟು ಅನ್ನಿಸಬೇಕು, ಒದ್ದೆ ಅನ್ನಿಸಬಾರದು. ಈಗ ಮತ್ತೆ ಒಂದು ತೆಳು ಗೆರೆ ಗೋಂದು ಹಾಕಿ ಗೆರೆಗೆ ಸರಿಯಾಗಿ ಕೂರಿಸಿ. ಅರ್ಧ ನಿಮಿಷ ಹಿಡಿದರೆ ಸಾಕು, ರೆಕ್ಕೆ ತನ್ನಷ್ಟಕ್ಕೆ ನಿಲ್ಲುತ್ತದೆ. ಮೊದಲ ಪದರ ಕಾಗದದೊಳಗೆ, ಮರದೊಳಗೆ ಇಳಿದಿರುತ್ತದೆ, ಎರಡನೆಯದು ಅವೆರಡನ್ನು ಬೆಸೆಯುತ್ತದೆ. ಒಣಗಿದ ಮೇಲೆ ಎಳೆದರೆ ಅಂಟು ಬಿಡುವ ಮೊದಲು ಕಾಗದವೇ ಹರಿಯುತ್ತದೆ.

ಪ್ರತಿ ರೆಕ್ಕೆ ಕೂತ ಮೇಲೂ ರಾಕೆಟ್ ಎತ್ತಿ ಹಿಂದಿನಿಂದ, ಮೋಟರ್ ಕಡೆಯಿಂದ, ಒಂದು ಕಣ್ಣು ಮುಚ್ಚಿ ನೋಡಿ. ರೆಕ್ಕೆ ಟ್ಯೂಬಿನ ನಡುವಿನಿಂದ ಕಿರಣದ ಹಾಗೆ ನೇರ ಹೊರಟಿರಬೇಕು. ಆಮೇಲೆ ತಿರುಗಿಸಿ ತಲೆ ಕಡೆಯಿಂದ ರೆಕ್ಕೆಯ ಗುಂಟ ನೋಡಿ. ದಪ್ಪ ಮಾತ್ರ ಕಾಣಬೇಕು, ಅಗಲ ಕಾಣಬಾರದು. ಅಗಲ ಕಂಡರೆ ಅದು ಗಾಳಿಗೆ ಓರೆಯಾಗಿ ನಿಂತಿದೆ ಅಂತ ಅರ್ಥ. ಎಲ್ಲ ರೆಕ್ಕೆಗಳೂ ಒಂದೇ ಕಡೆಗೆ ಓರೆಯಾದರೆ ರಾಕೆಟ್ ಬುಗುರಿಯ ಹಾಗೆ ತಿರುಗುತ್ತಾ ಮೇಲೆ ಹೋಗುತ್ತದೆ, ಎತ್ತರ ಕಡಿಮೆಯಾಗುತ್ತದೆ ಅಷ್ಟೇ. ಒಂದೇ ರೆಕ್ಕೆ ಓರೆಯಾದರೆ ದಾರಿಯೇ ತಪ್ಪಬಹುದು.

ಎಲ್ಲ ಒಣಗಿದ ಮೇಲೆ ರೆಕ್ಕೆ ಮತ್ತು ಮೈ ಸೇರುವ ಮೂಲೆಗೆ ಗೋಂದಿನ ಗೆರೆ ಎಳೆದು, ಒದ್ದೆ ಬೆರಳಿನಿಂದ ಒಮ್ಮೆ ಸವರಿ. ಮೂಲೆ ದುಂಡಗೆ ತುಂಬಿಕೊಳ್ಳುತ್ತದೆ. ಇದು ಬಲಕ್ಕೂ ಒಳ್ಳೆಯದು, ಗಾಳಿಗೂ ಒಳ್ಳೆಯದು. ಆ ಬದಿ ಒಣಗುವವರೆಗೆ ರಾಕೆಟನ್ನು ಅಡ್ಡ ಮಲಗಿಸಿಡಿ, ನಿಲ್ಲಿಸಿದರೆ ಗೋಂದು ಕೆಳಗೆ ಇಳಿದು ಬುಡದಲ್ಲಿ ಹನಿಗಟ್ಟುತ್ತದೆ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ದಪ್ಪ ಹಾಕಿದರೆ ಒಣಗುವಾಗ ಗುಳ್ಳೆ ಏಳುತ್ತದೆ, ಬಿರುಕೂ ಬಿಡುತ್ತದೆ.

ಲಾಂಚ್ ಲಗ್ ಇದೇ ರೀತಿ ತನ್ನ ಗೆರೆಯ ಮೇಲೆ. ಅದರ ತೂತಿನೊಳಗೆ ಗೋಂದು ಹೋಗದಂತೆ ನೋಡಿಕೊಳ್ಳಿ. ರಾಕೆಟ್ ಕಂಬಿಯ ಮೇಲೆ ಜಾರುವುದು ಈ ತೂತಿನ ಮೂಲಕ. ಒಂದು ಹನಿ ಗೋಂದು ಒಳಗೆ ಗಟ್ಟಿಯಾದರೂ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

ಮೇಲೆ ಹೋದದ್ದು ಕೆಳಗೆ ಬರಬೇಕು

ಮೋಟರ್ ಉರಿದು ಮುಗಿದ ಮೇಲೆ ಕೆಲವು ಸೆಕೆಂಡ್ ಹೊಗೆ ಬಿಡುತ್ತಾ ರಾಕೆಟ್ ತೇಲುತ್ತದೆ. ಆಮೇಲೆ ಮೋಟರ್‌ನ ಮುಂಭಾಗದಲ್ಲಿರುವ ಸಣ್ಣ ಮದ್ದು ಸಿಡಿದು, ಆ ಗಾಳಿಯ ಒತ್ತಡ ತಲೆಯನ್ನು ಹೊರಕ್ಕೆ ತಳ್ಳಿ ಪ್ಯಾರಾಶೂಟ್ ಬಿಚ್ಚುತ್ತದೆ. ಆ ತಲೆಯನ್ನು ಮೈಗೆ ಕಟ್ಟಿ ಹಿಡಿಯುವುದೇ ಶಾಕ್ ಕಾರ್ಡ್.

ಕಿಟ್‌ನಲ್ಲಿ ಒಂದು ಕಾಗದದ ತುಂಡು ಕೊಟ್ಟಿರುತ್ತಾರೆ. ಅದಕ್ಕೆ ಎಲಾಸ್ಟಿಕ್ ದಾರದ ತುದಿ ಅಂಟಿಸಿ ಮೂರು ಪದರವಾಗಿ ಮಡಚಿ, ಆ ಮಡಿಕೆಯನ್ನು ಟ್ಯೂಬಿನ ಒಳಗೋಡೆಗೆ ಅಂಟಿಸಬೇಕು. ಟ್ಯೂಬಿನ ಬಾಯಿಯಿಂದ ತಲೆಯ ಒಳಭಾಗ ಎಷ್ಟು ಆಳಕ್ಕೆ ಇಳಿಯುತ್ತದೋ ಅದಕ್ಕಿಂತ ಇನ್ನೂ ಒಳಗೆ ಅಂಟಿಸಿ, ಇಲ್ಲದಿದ್ದರೆ ತಲೆ ಕೂರುವುದಿಲ್ಲ. ಬೆರಳಿನಿಂದ ಒತ್ತಿ ಟ್ಯೂಬಿನ ಉರುಟಿಗೆ ಬಾಗುವಂತೆ ಒಂದು ನಿಮಿಷ ಹಿಡಿಯಿರಿ. ದಪ್ಪಗೆ ಉಬ್ಬಿದರೆ ಪ್ಯಾರಾಶೂಟ್ ಹೊರಬರುವಾಗ ಅದಕ್ಕೆ ತಗಲಿಕೊಳ್ಳುತ್ತದೆ.

ಕಿಟ್‌ನ ದಾರ ಬಹುತೇಕ ಗಿಡ್ಡವಾಗಿರುತ್ತದೆ. ನಾನು ಯಾವಾಗಲೂ ಟ್ಯೂಬಿನ ಎರಡು ಮೂರು ಪಟ್ಟು ಉದ್ದದ ದಾರಕ್ಕೆ ಬದಲಾಯಿಸುತ್ತೇನೆ. ಗಿಡ್ಡ ಎಲಾಸ್ಟಿಕ್ ಪೂರ್ತಿ ಎಳೆದು, ಕವಣೆಯ ಹಾಗೆ ವಾಪಸ್ ಬಂದು ತಲೆಯಿಂದ ಟ್ಯೂಬಿನ ಬಾಯಿಗೇ ಹೊಡೆಸುತ್ತದೆ. ಬಾಯಿ ನಜ್ಜುಗುಜ್ಜಾದ ರಾಕೆಟ್ ನೋಡಿದರೆ ಕಾರಣ ಹೆಚ್ಚಾಗಿ ಇದೇ.

ಪ್ಯಾರಾಶೂಟ್ ಸಾಮಾನ್ಯವಾಗಿ 30 ಸೆಂ.ಮೀ. ಅಗಲದ ತೆಳು ಪ್ಲಾಸ್ಟಿಕ್. ಅಂಚಿನ ಗುರುತುಗಳಿಗೆ ಅಂಟುವ ಚಕ್ಕೆ ಹಾಕಿ, ತೂತು ಮಾಡಿ, ದಾರ ಕಟ್ಟಿ. ಎಲ್ಲ ದಾರವೂ ಒಂದೇ ಉದ್ದ ಇರಲಿ. ತಲೆಯ ಕೊಂಡಿಗೆ ಕಟ್ಟಿದ ಮೇಲೆ ಗಂಟಿನ ಮೇಲೆ ಒಂದು ಹನಿ ಗೋಂದು.

ತಲೆ ಎಷ್ಟು ಬಿಗಿ ಇರಬೇಕು? ರಾಕೆಟನ್ನು ತಲೆಕೆಳಗೆ ಹಿಡಿದರೆ ತಲೆ ಬೀಳಬಾರದು, ಆದರೆ ಎರಡು ಬೆರಳಿನಿಂದ ಎಳೆದರೆ ತಡೆಯಿಲ್ಲದೆ ಬರಬೇಕು. ಸಡಿಲ ಇದ್ದರೆ ತಲೆಯ ಒಳಭಾಗಕ್ಕೆ ಒಂದು ಸುತ್ತು ಮಾಸ್ಕಿಂಗ್ ಟೇಪ್. ಬಿಗಿ ಇದ್ದರೆ ಉಜ್ಜಿ. ಬಿಗಿಯಾಗಿ ಕಚ್ಚಿಕೊಂಡ ತಲೆ ಹೊರಬರದಿದ್ದರೆ ರಾಕೆಟ್ ಬಾಣದ ಹಾಗೆ ಮೂತಿ ಕೆಳಗೆ ಮಾಡಿ ಬರುತ್ತದೆ. ಅದು ಅಪಾಯ.

ಬಣ್ಣ

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಲ್ಸಾ ರಂಧ್ರಗಳನ್ನು ಮರದ ಫಿಲ್ಲರ್ ತೆಳ್ಳಗೆ ಮಾಡಿ ತುಂಬಿ, 400 ಪೇಪರ್‌ನಲ್ಲಿ ಉಜ್ಜಿ, ಬಿಳಿ ಪ್ರೈಮರ್, ಮೇಲೆ ಎರಡು ತೆಳು ಪದರ ಬಣ್ಣ. ಗಾಳಿಯಾಡುವ ಜಾಗದಲ್ಲಿ ಸ್ಪ್ರೇ ಮಾಡಿ. ಮೋಟರ್ ಕೊಳವೆಗೆ ಮತ್ತು ಲಗ್ ತೂತಿಗೆ ಬಣ್ಣ ಹೋಗದಂತೆ ಕಾಗದ ತುರುಕಿ. ಆಕಾಶದಲ್ಲೂ ಹುಲ್ಲಿನಲ್ಲೂ ಕಾಣಬೇಕಾದರೆ ಹೊಳೆಯುವ ಕಿತ್ತಳೆ ಅಥವಾ ಕೆಂಪು ಒಳ್ಳೆಯದು. ಬೆಳ್ಳಿ ಬಣ್ಣ ಚಂದ, ಆದರೆ ಮೋಡದಲ್ಲಿ ಮಾಯ.

ನೇರ ಹೋಗುತ್ತದೆಯೇ? ದಾರ ಕಟ್ಟಿ ನೋಡಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ, ಹತ್ತು ನಿಮಿಷದ ಕೆಲಸ.

ಪ್ರತಿ ರಾಕೆಟ್‌ಗೂ ಎರಡು ಬಿಂದುಗಳಿವೆ. ಒಂದು ಗುರುತ್ವ ಕೇಂದ್ರ. ಬೆರಳ ಮೇಲೆ ಇಟ್ಟರೆ ರಾಕೆಟ್ ಸಮ ನಿಲ್ಲುವ ಜಾಗ. ಇನ್ನೊಂದು ಒತ್ತಡ ಕೇಂದ್ರ. ಗಾಳಿ ಪಕ್ಕದಿಂದ ತಳ್ಳುವ ಬಲವೆಲ್ಲ ಒಟ್ಟಾಗಿ ಬೀಳುವ ಜಾಗ. ರೆಕ್ಕೆಗಳಿಂದಾಗಿ ಅದು ಹಿಂದೆ ಇರುತ್ತದೆ. ಗುರುತ್ವ ಕೇಂದ್ರ ಮುಂದೆ, ಒತ್ತಡ ಕೇಂದ್ರ ಹಿಂದೆ ಇದ್ದರೆ ರಾಕೆಟ್ ಸ್ವಲ್ಪ ವಾಲಿದಾಗ ಗಾಳಿ ಬಾಲವನ್ನು ತಳ್ಳಿ ಮತ್ತೆ ನೇರ ಮಾಡುತ್ತದೆ. ಗಾಳಿಕೋಳಿ ಗಾಳಿಯ ಕಡೆ ತಿರುಗುತ್ತದಲ್ಲ, ಅದೇ ಲೆಕ್ಕ. ಹಿಂದುಮುಂದಾದರೆ ರಾಕೆಟ್ ಕಂಬಿ ಬಿಟ್ಟ ಕೂಡಲೇ ಗಿರಕಿ ಹೊಡೆಯುತ್ತದೆ. ಎರಡರ ನಡುವೆ ಕನಿಷ್ಠ ಟ್ಯೂಬಿನ ಒಂದು ದಪ್ಪದಷ್ಟು ಅಂತರ ಇರಬೇಕು ಅನ್ನುವುದು ರೂಢಿಯ ನಿಯಮ. 25 ಮಿ.ಮೀ. ಟ್ಯೂಬಾದರೆ 25 ಮಿ.ಮೀ. ಅಂತರ. ಒತ್ತಡ ಕೇಂದ್ರವನ್ನು ಲೆಕ್ಕ ಹಾಕುವ ಸೂತ್ರಗಳನ್ನು 1966ರಲ್ಲಿ ಜೇಮ್ಸ್ ಬ್ಯಾರೊಮನ್ ಕೊಟ್ಟರು. ಇವತ್ತು ರಾಕೆಟ್ ವಿನ್ಯಾಸದ ಸಾಫ್ಟ್‌ವೇರ್‌ಗಳು ಅದರ ಮೇಲೇ ನಿಂತಿವೆ.

ಕಿಟ್ ವಿನ್ಯಾಸ ಮಾಡಿದವರು ಇದನ್ನು ನೋಡಿಕೊಂಡೇ ಇರುತ್ತಾರೆ. ಆದರೆ ನೀವು ಹಿಂಭಾಗಕ್ಕೆ ಗೋಂದು, ಬಣ್ಣ ಜಾಸ್ತಿ ಹಾಕಿದ್ದರೆ ಭಾರ ಹಿಂದಕ್ಕೆ ಸರಿದಿರುತ್ತದೆ. ಪರೀಕ್ಷೆ ಹೀಗೆ. ಹೊಸ ಮೋಟರ್, ಪ್ಯಾರಾಶೂಟ್, ಎಲ್ಲವನ್ನೂ ಹಾರುವಾಗ ಇರುವಂತೆಯೇ ತುಂಬಿ. ಇಗ್ನೈಟರ್, ಅಂದರೆ ಮದ್ದಿಗೆ ಬೆಂಕಿ ಹಚ್ಚುವ ಸಣ್ಣ ತಂತಿ, ಮಾತ್ರ ಬೇಡ. ದಾರದ ಕುಣಿಕೆಯನ್ನು ಟ್ಯೂಬಿಗೆ ಹಾಕಿ, ರಾಕೆಟ್ ಸಮವಾಗಿ ತೂಗುವ ಜಾಗಕ್ಕೆ ಸರಿಸಿ ಟೇಪ್ ಅಂಟಿಸಿ. ಬಯಲಿಗೆ ಬಂದು ಎರಡು ಮೀಟರಿನಷ್ಟು ದಾರ ಬಿಟ್ಟು ತಲೆಯ ಮೇಲೆ ಸುತ್ತಿಸಿ. ಸುತ್ತಮುತ್ತ ಯಾರೂ ಇರಬಾರದು. ಮೂತಿ ಮುಂದೆ ಮಾಡಿ ಹೋದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದೆ ಮಾಡಿ ಹೋದರೆ ಇನ್ನೊಂದೆರಡು ಸಲ ಮೂತಿಯನ್ನು ಮುಂದಕ್ಕೆ ತಿರುಗಿಸಿ ಬಿಟ್ಟು ನೋಡಿ. ಆಗಲೂ ತಿರುಗಿದರೆ ತಲೆಯ ಒಳಗೆ ಸ್ವಲ್ಪ ಜೇಡಿ ಅಂಟಿಸಿ, ಮತ್ತೆ ಸುತ್ತಿಸಿ.

ಮೋಟರ್ ಮೇಲಿನ ಅಕ್ಷರ

ಮೋಟರ್ ಮೇಲೆ ಎ8-3 ಅಂತ ಬರೆದಿದೆ ಅನ್ನಿ. ಅಕ್ಷರ ಒಟ್ಟು ಶಕ್ತಿ ಹೇಳುತ್ತದೆ. ಎ ಅಂದರೆ 1.26ರಿಂದ 2.5 ನ್ಯೂಟನ್ ಸೆಕೆಂಡ್. ಬಿ ಅದರ ಎರಡರಷ್ಟು, ಅಂದರೆ 5ರವರೆಗೆ. ಸಿ 10ರವರೆಗೆ. ಪ್ರತಿ ಅಕ್ಷರಕ್ಕೂ ದುಪ್ಪಟ್ಟು. ನಡುವಿನ ಅಂಕಿ ಸರಾಸರಿ ತಳ್ಳುವ ಬಲ, ನ್ಯೂಟನ್‌ನಲ್ಲಿ. ಕೊನೆಯ ಅಂಕಿ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಹಾಕುವವರೆಗಿನ ಸೆಕೆಂಡ್.

ಈ ಕೊನೆಯ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಗ ಬಿಚ್ಚಿದರೆ ರಾಕೆಟ್ ಇನ್ನೂ ವೇಗದಲ್ಲಿರುತ್ತದೆ, ಪ್ಯಾರಾಶೂಟ್ ಹರಿಯುತ್ತದೆ. ತಡವಾದರೆ ಕೆಳಗೆ ನುಗ್ಗುತ್ತಿರುತ್ತದೆ. ಕಿಟ್ ಡಬ್ಬಿಯ ಮೇಲೆ ಯಾವ ಮೋಟರ್ ಹೊಂದುತ್ತದೆ ಅಂತ ಪಟ್ಟಿ ಇರುತ್ತದೆ. ಮೊದಲ ಹಾರಾಟಕ್ಕೆ ಅದರಲ್ಲಿ ಅತಿ ಚಿಕ್ಕದನ್ನೇ ಹಾಕಿ. ಕಡಿಮೆ ಎತ್ತರ ಹೋಗುತ್ತದೆ, ಆದರೆ ಎಲ್ಲವನ್ನೂ ಕಣ್ಣಾರೆ ನೋಡಬಹುದು, ಕೈಗೂ ಸಿಗುತ್ತದೆ.

ಮೈದಾನದಲ್ಲಿ

ಒಣ ಹುಲ್ಲು, ಮರ, ಕರೆಂಟ್ ತಂತಿ, ಮನೆಗಳಿಂದ ದೂರದ ಬಯಲು ಬೇಕು. ಎ ಮೋಟರ್‌ಗೆ ಕನಿಷ್ಠ 30 ಮೀಟರ್ ಅಗಲ, ಬಿ ಮೋಟರ್‌ಗೆ 60, ಸಿ ಮೋಟರ್‌ಗೆ 120 ಮೀಟರ್ ಅನ್ನುವುದು ಅಮೆರಿಕದ ಮಾಡೆಲ್ ರಾಕೆಟ್ ಸುರಕ್ಷತಾ ನಿಯಮದ ಅಳತೆ. ಗಾಳಿ ಗಂಟೆಗೆ 32 ಕಿ.ಮೀ.ಗಿಂತ ಜಾಸ್ತಿ ಇದ್ದರೆ ಹಾರಿಸಬೇಡಿ. ನನ್ನ ಮಟ್ಟಿಗೆ, ಎಲೆ ಅಲ್ಲಾಡುವಷ್ಟು ಗಾಳಿಯೇ ಮೊದಲ ಹಾರಾಟಕ್ಕೆ ಸಾಕು. ನೀವಿರುವ ಕಡೆ ಬೇರೆ ನಿಯಮ ಇದ್ದರೆ ಅದನ್ನೇ ಪಾಲಿಸಿ.

ತುಂಬುವ ಕ್ರಮ ಇದು. ಮೊದಲು ವ್ಯಾಡಿಂಗ್, ಅಂದರೆ ಬೆಂಕಿ ಹಿಡಿಯದ ಕಾಗದ. ಮೂರು ನಾಲ್ಕು ಹಾಳೆ ಸಡಿಲವಾಗಿ ಮುದುಡಿ ಟ್ಯೂಬಿನೊಳಗೆ ಬಿಡಿ. ಒತ್ತಿ ತುರುಕಬೇಡಿ, ಆದರೆ ಸುತ್ತಲೂ ಸಂದಿ ಇರದಂತೆ ಮುಚ್ಚಿಕೊಂಡಿರಲಿ. ಇದನ್ನು ನಾನು ಒಮ್ಮೆ ಮರೆತಿದ್ದೆ. ರಾಕೆಟ್ ಚೆನ್ನಾಗಿಯೇ ಹೋಯಿತು. ತಲೆಯೂ ಹೊರಬಂತು. ಅದರ ಹಿಂದೆ ಪ್ಯಾರಾಶೂಟ್ ಬದಲು ಬಟಾಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಉಂಡೆಯೊಂದು ದಾರದ ತುದಿಯಲ್ಲಿ ನೇತಾಡುತ್ತಿತ್ತು. ಎರಡು ರೆಕ್ಕೆ ಮುರಿದವು. ಸಾಧಾರಣ ಟಿಶ್ಯೂ ಕಾಗದವನ್ನು ಬದಲಿಗೆ ಹಾಕಬೇಡಿ, ಅದು ಉರಿಯುತ್ತಾ ಕೆಳಗೆ ಬೀಳುತ್ತದೆ.

ಆಮೇಲೆ ಪ್ಯಾರಾಶೂಟ್. ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಮಡಚಿ, ದಾರವನ್ನು ಸಡಿಲವಾಗಿ ಸುತ್ತಿ ಒಳಗಿಡಿ. ಬಿಗಿಯಾಗಿ ಸುತ್ತಿದರೆ ಬಿಚ್ಚಲು ಅದಕ್ಕೆ ಸಮಯವೇ ಇರುವುದಿಲ್ಲ. ಶಾಕ್ ಕಾರ್ಡ್ ಮೇಲೆ, ಕೊನೆಗೆ ತಲೆ. ಮೋಟರ್ ಹಿಂದಿನಿಂದ ಹಾಕಿ, ಕೊಕ್ಕೆ ಹಿಡಿಯಿತೇ ನೋಡಿ. ಇಗ್ನೈಟರ್ ತುದಿ ನಳಿಕೆಯೊಳಗೆ ಮದ್ದನ್ನು ಮುಟ್ಟುವಂತೆ ಪೂರ್ತಿ ಒಳಗೆ ಹೋಗಬೇಕು, ಅದರ ಮೇಲೆ ಪ್ಲಾಸ್ಟಿಕ್ ಬಿರಡೆ. ರಾಕೆಟ್ ಏಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಇಗ್ನೈಟರ್ ಮದ್ದಿಗೆ ತಾಗಿಲ್ಲ.

ಲಾಂಚ್ ಕಂಬಿ ಸುಮಾರು 90 ಸೆಂ.ಮೀ. ಉದ್ದ, 3 ಮಿ.ಮೀ.ಗಿಂತ ಸ್ವಲ್ಪ ದಪ್ಪ. ಕೆಳಗೆ ಲೋಹದ ತಟ್ಟೆ ಇರಬೇಕು, ಬೆಂಕಿ ನೆಲಕ್ಕೆ ತಾಗದಂತೆ. ಕಂಬಿಯ ತುದಿ ಕಣ್ಣಿನ ಮಟ್ಟದಲ್ಲಿದ್ದರೆ ಬಗ್ಗುವಾಗ ಕಣ್ಣಿಗೆ ಚುಚ್ಚಬಹುದು. ಹಾರಿಸುವ ಹೊತ್ತು ಬಿಟ್ಟು ಉಳಿದಂತೆ ತುದಿಗೆ ಮುಚ್ಚಳ ಹಾಕಿಡಿ. ಕಂಬಿ ನೆಟ್ಟಗೆ ಇರಲಿ. ಗಾಳಿಗೆ ಎದುರಾಗಿ ಸ್ವಲ್ಪ ವಾಲಿಸಬಹುದು, ಆದರೆ ಯಾವತ್ತೂ 30 ಡಿಗ್ರಿಗಿಂತ ಜಾಸ್ತಿ ಬೇಡ.

ಕಂಟ್ರೋಲರ್‌ನ ಸುರಕ್ಷತಾ ಕೀ ನಿಮ್ಮ ಜೇಬಿನಲ್ಲಿರಲಿ. ಕಂಟ್ರೋಲರ್ ಅಂದರೆ ದೂರದಿಂದ ಬಟನ್ ಒತ್ತಿ ಇಗ್ನೈಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ. ಕೀ ಹೊರಗಿರುವಾಗಲೇ ಕ್ಲಿಪ್‌ಗಳನ್ನು ಇಗ್ನೈಟರ್ ತಂತಿಗೆ ಹಾಕಿ. ಕ್ಲಿಪ್‌ಗಳು ಒಂದಕ್ಕೊಂದು ಅಥವಾ ಲೋಹದ ತಟ್ಟೆಗೆ ತಾಗಬಾರದು. ಎಲ್ಲರೂ ಕನಿಷ್ಠ 5 ಮೀಟರ್ ಹಿಂದೆ ಸರಿಯಲಿ. ವಿಮಾನ, ಹಕ್ಕಿ, ಜನ ಯಾರೂ ಇಲ್ಲ ಅಂತ ಮೇಲೆ ಕೆಳಗೆ ನೋಡಿ. ಕೀ ಹಾಕಿ. ಜೋರಾಗಿ ಐದರಿಂದ ಹಿಂದಕ್ಕೆ ಎಣಿಸಿ. ಒತ್ತಿ.

ಏಳದಿದ್ದರೆ ಓಡಿ ಹೋಗಬೇಡಿ. ಕೀ ತೆಗೆಯಿರಿ, 60 ಸೆಕೆಂಡ್ ಕಾಯಿರಿ, ಆಮೇಲೆ ಹತ್ತಿರ ಹೋಗಿ.

ಎತ್ತರ ತಿಳಿಯಬೇಕೆಂಬ ಆಸೆ ಇದ್ದರೆ ಒಬ್ಬರನ್ನು ಕಂಬಿಯಿಂದ 100 ಮೀಟರ್ ದೂರ ನಿಲ್ಲಿಸಿ. ಪ್ರೊಟ್ರಾಕ್ಟರ್‌ಗೆ ದಾರ, ದಾರಕ್ಕೆ ಭಾರ ಕಟ್ಟಿದರೆ ಕೋನ ಅಳೆಯುವ ಸಾಧನ ಆಯಿತು. ರಾಕೆಟ್ ಅತಿ ಮೇಲೆ ಇರುವಾಗ ನೆಲದಿಂದ ಕೋನ 45 ಡಿಗ್ರಿ ಬಂದರೆ ಎತ್ತರ ಸುಮಾರು 100 ಮೀಟರ್. 60 ಡಿಗ್ರಿ ಬಂದರೆ 173.

ಇಳಿದ ರಾಕೆಟ್ ಮರಕ್ಕೋ ಕರೆಂಟ್ ತಂತಿಗೋ ಸಿಕ್ಕಿಕೊಂಡರೆ ಬಿಟ್ಟುಬಿಡಿ. ತಂತಿಯ ಹತ್ತಿರ ಕೋಲು ಹಿಡಿದು ಹೋಗಬಾರದು. ಕೈಗೆ ಸಿಕ್ಕರೆ ಮನೆಗೆ ಬಂದ ದಿನವೇ ಉರಿದ ಮೋಟರ್ ಹೊರತೆಗೆಯಿರಿ, ತಡವಾದರೆ ಒಳಗೆ ಕಚ್ಚಿಕೊಳ್ಳುತ್ತದೆ. ರೆಕ್ಕೆಯ ಬುಡಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿ, ಬಿರುಕು ಕಂಡರೆ ಅಲ್ಲೇ ಒಂದು ಗೆರೆ ಗೋಂದು. ಶಾಕ್ ಕಾರ್ಡ್ ಸುಟ್ಟ ಕಲೆ ಇದ್ದರೆ ಬದಲಾಯಿಸಿ. ಪ್ಯಾರಾಶೂಟನ್ನು ಟ್ಯೂಬಿನೊಳಗೆ ಮಡಚಿ ಇಡಬೇಡಿ. ವಾರಗಟ್ಟಲೆ ಮಡಿಕೆಯಲ್ಲೇ ಇದ್ದ ಪ್ಲಾಸ್ಟಿಕ್ ಆ ಮಡಿಕೆಯಲ್ಲೇ ಉಳಿದುಬಿಡುತ್ತದೆ. ಹೊರಗೆ ತೆಗೆದು ಸಡಿಲವಾಗಿ ನೇತುಹಾಕಿ, ಮುಂದಿನ ಸಲ ಮೈದಾನದಲ್ಲೇ ಮಡಚಿ.